ಹಳೇ ರೋಡಿನ ಪಂಕ್ತಿ

ಮೈಸೂರಿನಲ್ಲಿರುವ ನಮ್ಮ ಭಾಮೈದ ಮೊನ್ನೆ ಫೋನ್ ಮಾಡಿದ್ದ. ಬೆಂಗಳೂರಿನಲ್ಲಿ ಯಾರದೋ ಮದುವೆ ಮುಗಿಸಿಕೊಂಡು ಅಷ್ಟೊತ್ತಿಗಾಗಲೇ ಮನೆ ಸೇರಿ ಕೈಕಾಲು ತೊಳೆದುಕೊಂಡಿದ್ದ. "ನಿಮ್ಮನೇಗೆ ಬಂದು ಹೋಗೋಣ ಅಂತಲೇ ಇದ್ವಿ ಭಾವ. ಆದ್ರೆ ನಿಮ್ಮೂರು ಯಾವಾಗ ಬಂತು, ಯಾವಾಗ ಹೋಯ್ತು, ಒಂದೂ ಗೊತ್ತಾಗಲಿಲ್ಲ. ಹುಡುಗರು ಕಣ್ಣು ಬಿಡೋ ಹೊತ್ತಿಗೆ ಮಂಡ್ಯ ದಾಟಿದ್ವಿ" ಅಂದ. ಅವನ ಮೇಲೆ ನನಗೆ ಬೇಸರವಿಲ್ಲ. ಅವನು ಹೋದದ್ದು ಹೊಸ ರೋಡಿನಲ್ಲಿ. ನಾವಿರುವುದು ಹಳೇ ರೋಡಿನಲ್ಲಿ, ಕೆಂಗಲ್ಲಿನ ಆಂಜನೇಯನಿಗೆ ಕೂಗಳತೆಯಲ್ಲಿ. ಎರಡೂ ಬೆಂಗಳೂರಿನಿಂದ ಮೈಸೂರಿಗೇ ಹೋಗುವ ರೋಡುಗಳೇ. ಆದರೆ ಒಂದರಲ್ಲಿ ಹೋದವರಿಗೆ ಹಸಿವಾಗುವಷ್ಟರಲ್ಲಿ ಊರೇ ಬಂದಿರುತ್ತದೆ. ಇನ್ನೊಂದರಲ್ಲಿ ಹೋಗುವವರು ಹಸಿವಿರಲಿ ಬಿಡಲಿ, ಎರಡು ಕಡೆಯಾದರೂ ಇಳಿಯುತ್ತಾರೆ. ನಾನು ಹೇಳಹೊರಟಿರುವುದು ಈ ಇಳಿಯುವವರ ವಿಷಯ.

ಅದಕ್ಕೆ ಮೊದಲು ಕೆಂಗಲ್ಲು ಎಲ್ಲಿದೆ ಎಂದು ಹೇಳಿಬಿಡುತ್ತೇನೆ, ಹೊಸ ರೋಡಿನಲ್ಲಿ ಓಡಾಡುವವರಿಗಾಗಿ. ರಾಮನಗರ ದಾಟಿರಬೇಕು, ಚನ್ನಪಟ್ಟಣ ಇನ್ನೂ ಸಿಕ್ಕಿರಬಾರದು, ಅಲ್ಲಿ. ಕೆಂಪು ಕಲ್ಲಿನ ಆಂಜನೇಯನಿಂದ ಜಾಗಕ್ಕೆ ಹೆಸರು ಬಂತು. ಆ ಹೆಸರು ಮುಂದೆ ಒಬ್ಬ ಮುಖ್ಯಮಂತ್ರಿಗೂ ಬಂತು. ಇಲ್ಲೇ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಹನುಮಂತಯ್ಯನವರು ಕೆಂಗಲ್ ಹನುಮಂತಯ್ಯ ಎಂದೇ ಹೆಸರಾಗಿ, ವಿಧಾನಸೌಧ ಕಟ್ಟಿಸಿ, ನಾಡಿನವರ ಬಾಯಲ್ಲೆಲ್ಲ ನಮ್ಮೂರಿನ ಹೆಸರು ಇಟ್ಟರು. ಆಮೇಲೆ ದೆಹಲಿಗೆ ಹೋಗಿ ಸ್ವಲ್ಪ ಕಾಲ ರೈಲ್ವೆ ಮಂತ್ರಿಯೂ ಆಗಿದ್ದರು. ರೈಲಿನ ಮಾತು ಮುಂದೆ ಬರುತ್ತದೆ, ಬಿಡಿ. ಅಂದಿನಿಂದ ಮೊನ್ನೆ ಮೊನ್ನೆಯವರೆಗೆ ಈ ದಾರಿಯಲ್ಲಿ ಹೋಗುವ ಪ್ರತಿಯೊಂದು ಬಸ್ಸೂ ಆಂಜನೇಯನ ಮುಂದೆಯೇ ಹಾಯಬೇಕಿತ್ತು. ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯನ್ನು ಎದೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಹಿಂದೆ ಕೂತವರಲ್ಲಿ ಯಾರಾದರೊಬ್ಬರು ಕೈಮುಗಿದು, "ಇನ್ನೇನು ಚನ್ನಪಟ್ಟಣ, ಕಾಫಿಗೆ ನಿಲ್ಲಿಸ್ತಾರೆ" ಅನ್ನುತ್ತಿದ್ದರು. ದೇವರೂ ಕಾಫಿಯೂ ಒಂದೇ ಉಸಿರಿನಲ್ಲಿ ಬರುತ್ತಿದ್ದ ಕಾಲ ಅದು.

ನಮ್ಮ ಮನೆಗಳಲ್ಲಿ ಮಾತ್ರ ಹೋಟೆಲೆಂದರೆ ಬೇರೆಯೇ ಭಾವನೆ. "ಹೋಟ್ಲಲ್ಲಿ ತಿನ್ನೋಕೆ ಮನೇಲಿ ಒಲೆ ಹತ್ತಲ್ವಾ?" ಇದು ನಮ್ಮವ್ವನ ಮಾತು. ಊರೊಳಗಿದ್ದುಕೊಂಡು ಹೋಟೆಲಿನಲ್ಲಿ ತಿಂದವನಿಗೆ ಮನೆಯಲ್ಲಿ ಏನೋ ಆಗಿದೆ ಎಂದೇ ಲೆಕ್ಕ. ಹೆಂಡತಿ ತವರಿಗೆ ಹೋಗಿರಬೇಕು, ಇಲ್ಲವೇ ಅಣ್ಣತಮ್ಮಂದಿರು ಬೇರೆಯಾಗಿರಬೇಕು. ಹೋಟೆಲಿರುವುದು ದಾರಿಹೋಕರಿಗೆ, ಲಾರಿಯವರಿಗೆ, ಕೋರ್ಟಿಗೆ ಅಲೆಯುವವರಿಗೆ. ದೂರ ಹೊರಟರೆ ನಮ್ಮಜ್ಜಿ ಬುತ್ತಿ ಕಟ್ಟುತ್ತಿದ್ದಳು: ಚಿತ್ರಾನ್ನ, ಮೊಸರನ್ನ, ಮೇಲೊಂದು ಉಪ್ಪಿನಕಾಯಿ ಹೋಳು. ಬಸ್ಸು ಕಾಫಿಗೆ ನಿಂತಾಗ ನಾವು ಇಳಿಯುವಂತಿಲ್ಲ. ಕಿಟಕಿಯಿಂದ ದೋಸೆಯ ವಾಸನೆ ಬರುತ್ತಿರುವಾಗ ಒಳಗೆ ಕೂತು ಚಿತ್ರಾನ್ನ ತಿನ್ನಬೇಕು. ಅಜ್ಜಿಯ ಚಿತ್ರಾನ್ನ ಏನೂ ಕಡಿಮೆಯದಲ್ಲ. ಆದರೂ ಏಳೆಂಟು ವರ್ಷದ ಹುಡುಗನಿಗೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು ಕೇಳಿದ ಮೇಲೆ ಬುತ್ತಿಯ ರುಚಿ ಹತ್ತುತ್ತದೆಯೇ, ನೀವೇ ಹೇಳಿ.

ವರ್ಷಕ್ಕೊಂದು ಸಲ ಈ ಕಟ್ಟು ಸಡಿಲವಾಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಕೆಂಗಲ್ಲಿನಲ್ಲಿ ದನಗಳ ಜಾತ್ರೆ. ಹಳಬರು ಇದನ್ನು ಅಯ್ಯನಗುಡಿ ಜಾತ್ರೆ ಅನ್ನುತ್ತಾರೆ. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಸಾಲು ಸಾಲು ಚಪ್ಪರ, ಧೂಳು, ಹುಲ್ಲಿನ ವಾಸನೆ. ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡುತ್ತ ನಿಂತರೆ ಮಧ್ಯಾಹ್ನವಾಗಿಬಿಡುತ್ತಿತ್ತು. ಅಲ್ಲಿ ತೆಂಗಿನ ಗರಿ ಹೊದಿಸಿದ ಹೋಟೆಲುಗಳು ಏಳುತ್ತಿದ್ದವು. ಜೋಡಿ ಕುದುರಿದ ದಿನ ನಮ್ಮ ತಾತ ಬೆಂಚಿನ ತುದಿಯಲ್ಲಿ ನನ್ನನ್ನು ಕೂರಿಸಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಡಿಸುತ್ತಿದ್ದ. "ಮನೇಲಿ ಏಳ್ಬೇಡ ಕಣ್ಲಾ" ಅನ್ನುತ್ತಿದ್ದ. ಮನೆಗೆ ಬಂದರೆ ಅಜ್ಜಿಗೆ ಬಾಯಿಯ ವಾಸನೆಯಲ್ಲೇ ಎಲ್ಲ ಗೊತ್ತಾಗುತ್ತಿತ್ತು. ಆಕೆ ಬೈದದ್ದು ನೆನಪಿಲ್ಲ. ಸೆರಗಿನಲ್ಲಿ ನನ್ನ ಮೂತಿ ಒರೆಸಿ, ಕಡ್ಲೆಪುರಿ ಬತ್ತಾಸು ತಂದಿದ್ದೀರೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದಳು.

ಈಗ ರೈಲಿಗೆ ಬರೋಣ. ನಮ್ಮ ಕಡೆಯ ಹೆಸರಾಂತ ತಿಂಡಿಗಳನ್ನು ಸ್ವಲ್ಪ ಕೆದಕಿ ನೋಡಿ, ಅದರ ಹಿಂದೆ ಯಾವುದೋ ಒಂದು ಗಾಡಿ ನಿಂತಿರುತ್ತದೆ. ಮದ್ದೂರು ವಡೆಯ ಕತೆ ಗೊತ್ತಲ್ಲ? 1917ರ ಮಾತು ಅನ್ನುತ್ತಾರೆ. ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಎಂಬುವರು ಪಕೋಡ ಮಾಡಿ ಮಾರುತ್ತಿದ್ದರು. ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತು. ಉಂಡೆ ಉಂಡೆ ಪಕೋಡ ಬೇಯಲು ಬೇಕಾದಷ್ಟು ಪುರಸತ್ತಿಲ್ಲ. ಕಲಸಿದ ಹಿಟ್ಟನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ರವೆ, ಮೈದಾ, ಅಕ್ಕಿಹಿಟ್ಟು, ಕೈತುಂಬ ಈರುಳ್ಳಿ. ತೆಳ್ಳಗಿದ್ದರೆ ಬೇಗ ಬೇಯುತ್ತದೆ. ರೈಲು ತಡವಾಗಿ ಬಂದಿದ್ದರೆ ಇವತ್ತು ನಮಗೆ ಮದ್ದೂರು ವಡೆಯೇ ಇರುತ್ತಿರಲಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಆ ರೈಲಿನ ಡ್ರೈವರನಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಬಿಡದಿಯ ತಟ್ಟೆ ಇಡ್ಲಿಯೂ ಹಾಗೆಯೇ, ರೈಲಿನವರಿಗೂ ಬಸ್ಸಿನವರಿಗೂ ಒಂದೇ ಹಬೆಯಲ್ಲಿ ಬೆಂದದ್ದು. ಅದನ್ನು ಬೇಯಿಸುವುದನ್ನು ಹತ್ತಿರ ನಿಂತು ನೋಡಿದ್ದೀರಾ? ನಾನು ನೋಡಿದ್ದೇನೆ, ಒಂದೂವರೆ ಗಂಟೆ, ಬಸ್ಸು ತಪ್ಪಿಸಿಕೊಂಡು. ಊಟದ ತಟ್ಟೆಯಲ್ಲ, ಅಂಗೈ ಅಗಲಕ್ಕಿಂತ ಒಂದಿಷ್ಟು ದೊಡ್ಡ, ಅಂಚು ಎದ್ದ ಬಟ್ಟಲು. ಒಂದರ ಮೇಲೊಂದು ಕೂರಿಸುವ ಕಂಬಿಯ ಚೌಕಟ್ಟು. ಇಡ್ಲಿ ಬೇಯಿಸುವ ಆಯಮ್ಮ ಸೌಟಿನಲ್ಲಿ ಒಂದೇ ಸಲ ಹಿಟ್ಟು ಸುರಿಯುತ್ತಾಳೆ; ಎರಡನೇ ಸಲ ಸೇರಿಸಿದರೆ ಇಡ್ಲಿ ಮೆತ್ತಗಾಗುವುದಿಲ್ಲ ಅನ್ನುತ್ತಾಳೆ. ಮುಚ್ಚಳ ತೆಗೆದಾಗ ಹಬೆ ಅವಳ ಮುಖವನ್ನೇ ಮರೆಮಾಡುತ್ತದೆ. ನೀರಿಗದ್ದಿದ ಚಮಚವನ್ನು ಅಂಚಿನ ಸುತ್ತ ಒಂದು ಸುತ್ತು ಓಡಿಸಿ, ತಟ್ಟೆಯನ್ನು ಎಲೆಯ ಮೇಲೆ ಬೋರಲು ಹಾಕಿದರೆ, ಇಡ್ಲಿ ಬಿದ್ದಮೇಲೂ ಒಂದು ಗಳಿಗೆ ನಡುಗುತ್ತಿರುತ್ತದೆ. ಅದರ ಮೇಲೆ ಬೆಣ್ಣೆಯ ಉಂಡೆ. ಉಂಡೆ ಕರಗಿ ಒಂದು ಕಡೆ ವಾಲುವ ಹೊತ್ತಿಗೆ ಕೆಂಪು ಚಟ್ನಿ ಬರಬೇಕು. ತಡವಾದರೆ ಗಿರಾಕಿಗಳೇ ಕೂಗುತ್ತಾರೆ. ಹತ್ತಿರದಲ್ಲೇ ಟೊಯೊಟಾ ಕಾರ್ಖಾನೆ ಬಂತು, ವಂಡರ್‌ಲಾ ಬಂತು, ಬಿಡದಿ ಎಷ್ಟೋ ಪಾಲು ಬೆಳೆಯಿತು. ಪಾಳಿ ಮುಗಿಸಿ ಬರುವ ಹುಡುಗರಿಗೂ ಮೊದಲು ನೆನಪಾಗುವುದು ಇದೇ ತಟ್ಟೆ.

ತಿಂಡಿಯ ಮಾತಾಯಿತು; ಊಟ? ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. "ಹಿಟ್ಟುಂಡ್ಯಾ?" ಎಂದು ಕೇಳಿದರೆ ಊಟವಾಯಿತೇ ಎಂದರ್ಥ. ಆ ಹಿಟ್ಟು ನಮ್ಮ ತಾತನ ಕಾಲದಲ್ಲಿ ಮನೆ ಬಿಟ್ಟು ಹೊರಗೆ ಬಂದದ್ದೇ ಇಲ್ಲ, ಹೊಲಕ್ಕೆ ಬಂದಿದ್ದು ಬಿಟ್ಟರೆ. ಹೋಟೆಲೆಂದರೆ ಇಡ್ಲಿ, ದೋಸೆ, ಅನ್ನ ಸಾಂಬಾರು. ರಾಗಿ ನಾಡಿನ ನಡುವೆ ಹೋಟೆಲಿಟ್ಟವರೂ ರಾಗಿ ಮುಟ್ಟುತ್ತಿರಲಿಲ್ಲ. ನಾವೂ ಹೋಗಿ ಕೇಳುತ್ತಿರಲಿಲ್ಲ, ಮನೆಯಲ್ಲಿ ದಿನಾ ಉಣ್ಣುವುದಕ್ಕೆ ಯಾರು ದುಡ್ಡು ಕೊಡುತ್ತಾರೆ? ಈಗ ನೋಡಿ, ರೋಡಿನುದ್ದಕ್ಕೂ "ಮುದ್ದೆ ಊಟ", "ನಾಟಿ ಕೋಳಿ ಸಾರು", "ಸೊಪ್ಸಾರು" ಎಂಬ ಬೋರ್ಡುಗಳು. ಬಣ್ಣ ಬಳಿದ ಆ ಬೋರ್ಡು ಮೊದಲ ಸಲ ಕಂಡ ದಿನ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ನಮ್ಮ ಹಿಟ್ಟಿಗೂ ಒಂದು ಕುರ್ಚಿ ಮೇಜು ಸಿಕ್ಕಿತಲ್ಲ ಅಂತ. ಅಡುಗೆಮನೆಗೆ ಇಣುಕಿದರೆ ಇಬ್ಬರು ಹೆಣ್ಣಾಳುಗಳು ದೊಡ್ಡ ತಪ್ಪಲೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಹಿಟ್ಟಿನ ಕೋಲು ಎರಡೂ ಕೈಯಲ್ಲಿ ತಿರುವುತ್ತಿದ್ದರು. ಗಂಟಿಲ್ಲದ ಹಿಟ್ಟು ತಿರುವುವವರಿಗೆ ಕೈಯಲ್ಲಿ ಕೆಲಸವಿದ್ದಂತೆಯೇ ಈಗ. ಅಂಥವರು ಮನೆಗಳಲ್ಲಿ ಕಡಿಮೆಯಾಗುತ್ತಿದ್ದಾರೆ ಎನ್ನುವುದೂ ಹೋಟೆಲಿನಲ್ಲಿ ಮುದ್ದೆ ಬಂದದ್ದಕ್ಕೆ ಒಂದು ಕಾರಣವಿರಬೇಕು.

ಇದಕ್ಕೆ ತಿರುಗಾಮುರುಗ ಇನ್ನೊಂದಿದೆ. ಕೆಂಗಲ್ಲಿನಿಂದ ರಾಮನಗರದ ಕಡೆ ಸ್ವಲ್ಪ ಹೋದರೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು 1994ರಲ್ಲಿ ಹದಿನೈದು ಎಕರೆಯಲ್ಲಿ ಕಟ್ಟಿದ್ದು. ನಾಡಿನ ಮೂಲೆ ಮೂಲೆಯಿಂದ ನೇಗಿಲು, ವಾಡೆ, ಸೇರು, ತೊಗಲುಗೊಂಬೆ ಹೊತ್ತು ತಂದು ಅಲ್ಲಿಟ್ಟಿದ್ದಾರೆ. ನಮ್ಮಜ್ಜಿ ಅಲ್ಲಿಗೆ ಬಂದಿದ್ದರೆ ಪ್ರತಿಯೊಂದು ಸಾಮಾನಿನ ಮುಂದೆಯೂ "ಇದು ನಮ್ಮನೇದೇ" ಅನ್ನುತ್ತಿದ್ದಳು. ಅದರ ಪಕ್ಕದಲ್ಲೇ ಕಾಮತ್ ಲೋಕರುಚಿ. ಅಲ್ಲಿ ಬಾಳೆ ಎಲೆಯ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ. ಹಿಟ್ಟು ಉಂಡು ಬೆಳೆದ ನಮ್ಮವರಿಗೆ ಜೋಳದ ರೊಟ್ಟಿಯ ಪರಿಚಯವಾದದ್ದು ಧಾರವಾಡಕ್ಕೆ ಹೋಗಿ ಅಲ್ಲ, ಈ ರೋಡಿನ ಅಂಚಿನಲ್ಲಿ ಕೂತು. ಒಂದು ಊಟದ ದಾರಿ ಉತ್ತರದಿಂದ ದಕ್ಷಿಣಕ್ಕೆ ಹೀಗೆ ನಡೆದು ಬಂತು. ರೋಡು ಅಂದರೆ ಬರೀ ಟಾರು ಅಂದುಕೊಳ್ಳಬಾರದು.

ಇಷ್ಟೆಲ್ಲ ಇದ್ದ ಮೇಲೆ 2023 ಬಂತು. ಮಾರ್ಚ್ 12ರಂದು ಹೊಸ ಎಕ್ಸ್‌ಪ್ರೆಸ್ ರೋಡಿನ ಉದ್ಘಾಟನೆ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಆಸ್ಪತ್ರೆಗೆ ಓಡುವವರಿಗೆ, ಪರೀಕ್ಷೆಗೆ ಹೋಗುವ ಹುಡುಗರಿಗೆ ಅದರಿಂದ ಆಗಿರುವ ಉಪಕಾರ ದೊಡ್ಡದು, ಅದನ್ನು ನಾನು ಮರೆಯುವುದಿಲ್ಲ. ಆದರೆ ರಾಮನಗರ, ಚನ್ನಪಟ್ಟಣ ಎರಡನ್ನೂ ಸೇರಿಸಿ ಸುಮಾರು 22 ಕಿಲೋಮೀಟರ್ ಬೈಪಾಸು ಎದ್ದಿತಲ್ಲ, ಅದರಿಂದ ಆಂಜನೇಯ, ಜಾನಪದ ಲೋಕ, ಬೊಂಬೆ ಅಂಗಡಿ, ಹೋಟೆಲು, ಎಳನೀರಿನವರು ಎಲ್ಲರೂ ಈಚೆ ಉಳಿದರು. ಬಿಡದಿ, ಮದ್ದೂರು, ಮಂಡ್ಯಕ್ಕೂ ಬೈಪಾಸು. ಒಂದು ವಾರದಲ್ಲಿ ನಮ್ಮ ರೋಡು ಅದೆಷ್ಟು ನಿಶ್ಶಬ್ದವಾಯಿತೆಂದರೆ, ರಾತ್ರಿ ಹಾಸಿಗೆಯಲ್ಲಿ ಮಲಗಿದವನಿಗೆ ಗುಡಿಯ ಗಂಟೆ ಕೇಳಿಸಿತು. ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಹಿತವಾಯಿತು. ಮಾರನೇ ದಿನ ಬೆಳಿಗ್ಗೆ ಪರಿಚಯದ ಹೋಟೆಲಿಗೆ ಹೋದರೆ ಹತ್ತು ಗಂಟೆಗೂ ಇಡ್ಲಿ ಪಾತ್ರೆ ಅರ್ಧ ತುಂಬಿತ್ತು. ಗಲ್ಲಾದ ಮೇಲೆ ಕೂತ ಅಣ್ಣ ರೋಡನ್ನೇ ನೋಡುತ್ತಿದ್ದ. "ಹಿಟ್ಟು ಎಷ್ಟು ರುಬ್ಬಬೇಕು ಅಂತ್ಲೇ ತಿಳೀತಿಲ್ಲ ಸ್ವಾಮಿ" ಅಂದ. ಮೂವತ್ತು ವರ್ಷ ಕೈಯಂದಾಜಿನಲ್ಲಿ ಹಿಟ್ಟು ರುಬ್ಬಿದವನು ಅಂದಾಜು ತಪ್ಪಿ ಕೂತಿದ್ದ. ರಾತ್ರಿ ಕೇಳಿದ ಗಂಟೆಯ ಹಿತ ಅಲ್ಲಿಗೆ ಇಳಿದುಹೋಯಿತು.

ಇದು ನಮ್ಮೊಬ್ಬರದೇ ಕತೆಯಲ್ಲ. ಅಮೆರಿಕದ ಅರಿಜೋನಾದಲ್ಲಿ ಸೆಲಿಗ್‌ಮನ್ ಅಂತ ಒಂದು ಸಣ್ಣ ಊರಿದೆ, ಹೆಸರಾಂತ ರೂಟ್ 66 ರಸ್ತೆಯ ಮೇಲೆ. 1978ರ ಸೆಪ್ಟೆಂಬರಿನಲ್ಲಿ ಒಂದು ದಿನ ಊರಾಚೆ ಹೊಸ ಹೆದ್ದಾರಿ ತೆರೆದರು. ಅವತ್ತೇ ಊರೊಳಗಿನ ಗಾಡಿಗಳೆಲ್ಲ ಮಾಯ. ಅಲ್ಲಿ ಏಂಜೆಲ್ ಡೆಲ್ಗಡಿಯೋ ಎಂಬ ಕ್ಷೌರಿಕನಿದ್ದ. ಅವನ ಅಣ್ಣ ಹ್ವಾನ್ 1953ರಲ್ಲಿ ತನ್ನ ಕೈಯಾರೆ ಕಟ್ಟಿದ ಸ್ನೋ ಕ್ಯಾಪ್ ಎಂಬ ತಿಂಡಿ ಅಂಗಡಿಯೂ ಅದೇ ರಸ್ತೆಯಲ್ಲಿತ್ತು. ಒಂಬತ್ತು ವರ್ಷ ಕಾದ ಏಂಜೆಲ್, 1987ರಲ್ಲಿ ಅಕ್ಕಪಕ್ಕದ ಊರಿನವರನ್ನೆಲ್ಲ ಕೂಡಿಸಿ, ಹಳೇ ರೋಡನ್ನು ಚಾರಿತ್ರಿಕ ರಸ್ತೆ ಎಂದು ಸರ್ಕಾರದಿಂದ ಹೆಸರು ಹಾಕಿಸಿದ. ಆಮೇಲೆ ಹಳೇ ರೋಡನ್ನೇ ಹುಡುಕಿಕೊಂಡು ಜನ ಬಂದರು. ಕ್ಷೌರದ ಕುರ್ಚಿಯ ಹಿಂದೆ ನಿಂತ ಒಬ್ಬ ಮನುಷ್ಯ ಒಂದು ರೋಡನ್ನು ಉಳಿಸಿಕೊಂಡ. ನಮ್ಮ ಗಲ್ಲಾದ ಅಣ್ಣನಿಗೆ ಈ ಕತೆ ಹೇಳಿದೆ. ಗಮನವಿಟ್ಟು ಕೇಳಿ, "ಆ ಅಂಗಡೀಲಿ ಏನು ಮಾಡ್ತಾರೆ ತಿಂಡಿ?" ಎಂದು ಕೇಳಿದ.

ಹಾಗಾದರೆ ನಮ್ಮ ರೋಡಿಗೆ ಯಾರು ಬಂದರು? ಬಂದರು, ನಿಧಾನವಾಗಿ. 2023ರ ಆಗಸ್ಟ್ 1ರಿಂದ ಹೊಸ ರೋಡಿನಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ ಎಂದಾಯಿತು. ಎಷ್ಟೋ ಅಪಘಾತಗಳಾದ ಮೇಲೆ ಬಂದ ನಿಯಮ, ಒಳ್ಳೆಯದೇ. ನಿಧಾನದ ಗಾಡಿಗಳೆಲ್ಲ ಪಕ್ಕದ ರೋಡಿಗೆ, ಊರೊಳಗಿನ ರೋಡಿಗೆ ಇಳಿದವು. ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಹುಡುಗ ಹುಡುಗಿಯರು ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡು ಇಡ್ಲಿಗೆ ಸಾಲು ನಿಲ್ಲುತ್ತಾರೆ. ಅವರಿಗೆ ಊರು ಮುಟ್ಟುವ ಅವಸರವಿಲ್ಲ. ಇಡ್ಲಿ ತಿನ್ನುವುದಕ್ಕೇ ಹೊರಟವರು.

ಅದಕ್ಕಿಂತ ಹೆಚ್ಚಿಗೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು. ಆ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಶಕ್ತಿ ಯೋಜನೆ. ಊರೂರಿಗೆ ನಿಲ್ಲುವ ಸಾಮಾನ್ಯ ಬಸ್ಸು ಹೋಗುವುದು ಹಳೇ ರೋಡಿನಲ್ಲೇ. ಶನಿವಾರ ಆಂಜನೇಯನಿಗೆ ಬರುವ ಹೆಂಗಸರನ್ನು ನೋಡಬೇಕು: ಮಾಗಡಿ ಕಡೆಯವರು, ಕನಕಪುರ ಕಡೆಯವರು, ನಾಲ್ಕು ಜನ ಓರಗಿತ್ತಿಯರು, ಒಬ್ಬಳು ಅತ್ತೆ, ಕಂಕುಳಲ್ಲೊಂದು ಮಗು. ಪೂಜೆ ಮುಗಿಸಿ ಹೋಟೆಲಿಗೆ ಬರುತ್ತಾರೆ. ಮೊದಮೊದಲು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಹಿಂದೆಲ್ಲ ಹೆಂಗಸರಿಗೆ ಅಂತ ಪರದೆ ಕಟ್ಟಿದ ಫ್ಯಾಮಿಲಿ ರೂಮು ಇರುತ್ತಿತ್ತಲ್ಲ. ಈಗ ಪರದೆಯೂ ಇಲ್ಲ, ಕೇಳುವವರೂ ಇಲ್ಲ. ನಡುವಿನ ಮೇಜಿಗೇ ಬಂದು ಕೂರುತ್ತಾರೆ. ಟಿಕೆಟ್ಟಿನ ದುಡ್ಡು ಉಳಿದಿದೆ, ಸೆರಗಿನ ಗಂಟಿನಲ್ಲಿದೆ. "ಒಂದು ಮಸಾಲೆ ದೋಸೆ ತಕ್ಕಬಾ ಮಗ, ಚಟ್ನಿ ಜಾಸ್ತಿ ಇರ್ಲಿ" ಎಂದು ಅತ್ತೆಯೇ ಹೇಳುತ್ತಾಳೆ. ಹೋಟೆಲಿನ ಹುಡುಗ, "ಬೇಕಾದಷ್ಟು ಹಾಕ್ತೀನಿ, ತಿನ್ನವ್ವ" ಅನ್ನುತ್ತಾನೆ. ನಮ್ಮಜ್ಜಿ ಬದುಕಿದ್ದಿದ್ದರೆ ಆ ಮೇಜಿನಲ್ಲಿ ಕೂರುತ್ತಿದ್ದಳೇ? ಕೂರುತ್ತಿದ್ದಳು ಅಂತಲೇ ನನಗನ್ನಿಸುತ್ತದೆ. ಜೀವಮಾನವೆಲ್ಲ ಬೇರೆಯವರಿಗೆ ಬುತ್ತಿ ಕಟ್ಟಿದವಳು, ಒಬ್ಬರು ಬಡಿಸಿ ತಾನು ತಿಂದದ್ದು ಎಷ್ಟು ಸಲವೋ.

ಊರೊಳಗೂ ಅಷ್ಟೇ. ರಾಮನಗರ 2007ರಲ್ಲಿ ಜಿಲ್ಲಾ ಕೇಂದ್ರವಾದಾಗಿನಿಂದ ಕಚೇರಿ, ಕೋರ್ಟು, ಕಾಲೇಜು ಸೇರಿಕೊಂಡವು. 2025ರ ಮೇ ತಿಂಗಳಿನಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸುವ ತೀರ್ಮಾನವಾಯಿತು. ಬ್ರಿಟಿಷರ ಕಾಲದಲ್ಲಿ ರಾಮನಗರವೇ ಕ್ಲೋಸ್‌ಪೇಟೆ ಆಗಿತ್ತು. ಊರಿಗೆ ಹೆಸರು ಬದಲಾಗುವುದು ಹೊಸದಲ್ಲ. ರೇಷ್ಮೆಗೂಡಿನ ಮಾರುಕಟ್ಟೆ ಮಾತ್ರ ಹಾಗೇ ಇದೆ, ಏಷ್ಯಾದಲ್ಲೇ ದೊಡ್ಡದು ಎಂಬ ಹೆಸರಿನೊಂದಿಗೆ. ರಾತ್ರಿಯೆಲ್ಲ ಗೂಡಿನ ಚೀಲ ಕಾದುಕೊಂಡು ಕೂತ ರೈತ, ಹರಾಜಾಗಿ ಒಳ್ಳೆ ರೇಟು ಸಿಕ್ಕರೆ ನೇರ ಬಿರಿಯಾನಿಗೆ ನಡೆಯುತ್ತಾನೆ. ರೇಟು ಬಿದ್ದರೆ ಒಂದು ಟೀ, ಒಂದು ಬನ್ನು. ಅವನ ತಟ್ಟೆ ನೋಡಿದರೆ ಅವತ್ತಿನ ರೇಟು ತಿಳಿಯುತ್ತದೆ. ಸಂಜೆಯಾಯಿತೆಂದರೆ ಊರಿನ ರೂಪವೇ ಬೇರೆ. ಕಬಾಬಿನ ಕೆಂಡ, ಪಾನಿಪುರಿ ಗಾಡಿ, ದೋಸೆ ಕ್ಯಾಂಪು. ಮೇಷ್ಟ್ರು ಹೆಂಡತಿ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿರುತ್ತಾರೆ, ಅವರ ಮನೆಯ ಒಲೆ ಚೆನ್ನಾಗಿಯೇ ಹತ್ತುತ್ತದೆ. ಬಾಗಿಲು ರೋಡಿನ ಕಡೆ ಇಟ್ಟು ಮೈಸೂರಿಗೆ ಹೋಗುವವರನ್ನು ಕಾಯುತ್ತಿದ್ದ ಹೋಟೆಲುಗಳಲ್ಲಿ ಈಗ ಊರಿನವರ ಹುಟ್ಟುಹಬ್ಬ ನಡೆಯುತ್ತದೆ.

ಎಲ್ಲರಿಗೂ ಹೀಗೆ ಒದಗಿಬಂತು ಎಂದರೆ ಸುಳ್ಳಾಗುತ್ತದೆ. ಚನ್ನಪಟ್ಟಣದ ಬೊಂಬೆಯವರಿಗೆ ಊರಿನವರ ಹೊಟ್ಟೆ ಸಾಲದು, ದೂರದವರ ಮಕ್ಕಳು ಬೇಕು. ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುವುದನ್ನು ನೋಡುತ್ತ ನಿಂತ ಮಗು ಬೊಂಬೆ ಕೊಳ್ಳದೆ ಹೋಗುವುದಿಲ್ಲ. ಆದರೆ ಕಾರು ನಿಲ್ಲಬೇಕಲ್ಲ? ಕಾಫಿಗೆ ನಿಂತ ಕಾರೇ ಬೊಂಬೆಗೂ ನಿಲ್ಲುತ್ತಿದ್ದದ್ದು. ರೋಡಿನ ಅಂಚಿನ ಎಷ್ಟೋ ಬೊಂಬೆ ಅಂಗಡಿಗಳ ಬಾಗಿಲು ಹಾಕಿದ್ದು ನೋಡಿದಾಗ, ಆ ಸಾಲಿನಲ್ಲಿ ನಡೆಯುವುದಕ್ಕೇ ಸಂಕಟವಾಗುತ್ತದೆ. ಅದಕ್ಕೇ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ, ಒಂದು ಅರ್ಧ ಗಂಟೆ, ರಾಮನಗರಕ್ಕೆ ಮುಂಚೆ ಕೆಳಗಿಳಿಯಿರಿ, ಚನ್ನಪಟ್ಟಣ ಕಳೆದ ಮೇಲೆ ಬೇಕಾದರೆ ಮತ್ತೆ ಮೇಲೆ ಹತ್ತಿ ಎಂದು.

ಭಾಮೈದನಿಗೂ ಅದನ್ನೇ ಹೇಳಿದೆ. ಸಂಕ್ರಾಂತಿ ಜಾತ್ರೆಗೆ ಬರುತ್ತೇನೆ ಭಾವ, ಹುಡುಗರಿಗೆ ಎತ್ತು ತೋರಿಸಬೇಕು, ಎಲ್ಲಿ ಇಳಿಯಬೇಕು ಹೇಳಿ ಅಂದ. ಅವನಿಗೆ ಗುರುತು ಹೇಳುತ್ತಾ ಹೋದರೆ ನನ್ನ ಬಾಯಲ್ಲಿ ಬಂದದ್ದೆಲ್ಲ ಹೋಟೆಲುಗಳೇ: ಆ ಮುದ್ದೆ ಊಟದ ಬೋರ್ಡು ದಾಟು, ಟೀ ಅಂಗಡಿ ಹತ್ತಿರ ಬಲಕ್ಕೆ ನೋಡು, ಬಜ್ಜಿ ಗಾಡಿ ಕಂಡರೆ ಮುಂದೆ ಬಂದಿದ್ದೀಯ ಅಂತ ತಿಳಿ. ಮದ್ದೂರಿನಲ್ಲಿ ವಡೆ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ, ಪಾರ್ಸೆಲ್ ತಗೊಂಡು ಬಾ ಅಂದೆ. ಒಳಗಿನಿಂದ ಇದನ್ನೆಲ್ಲ ಕೇಳುತ್ತಿದ್ದ ಅವನ ಅಕ್ಕ ಹೊರಗೆ ಬಂದಳು. ಮೊರದ ತುಂಬ ಅವರೆಕಾಯಿ, ಸೊಗಡು ಜಗಲಿಗೆಲ್ಲ ಹರಡಿತು. "ಎಷ್ಟು ಜನ ಬರ್ತಾರಂತೆ ಕೇಳಿ. ಹಿತ್ಕಿದ ಬೇಳೆ ಸಾರು ಅಂದ್ರೆ ಹಿಂದಿನ ರಾತ್ರೀನೇ ಕಾಳು ನೆನೆಹಾಕ್ಬೇಕು" ಅಂದಳು. ಕೇಳಿದೆ. ಏಳು ಜನವಂತೆ.